ತೊಲೇದೊ ನಗರದಲ್ಲಿ ಮೂವರು ಮೇಷ್ಟ್ರುಗಳು

ಸ್ಪೇನಿನಿಂದ ಹಿಂದಿರುಗಿದ ಮೇಲೆ ಫೋನು ಮಾಡಿದ ಬಂಧುಗಳೆಲ್ಲರೂ ಮೊದಲು ಕೇಳಿದ್ದು ಗೂಳಿಕಾಳಗವನ್ನು ನೋಡಿದಿರಾ ಎಂದು. ನೋಡಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ. ಹಾಗಾದರೆ ಏನನ್ನು ನೋಡಿದಿರಿ ಎಂಬ ಎರಡನೆಯ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲಾಗದೆ, ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಮಾತನ್ನು ಈಗ ಉಳಿಸಿಕೊಳ್ಳುತ್ತಿದ್ದೇನೆ. ಹತ್ತು ದಿನಗಳ ಪ್ರವಾಸವನ್ನೆಲ್ಲ ವಿವರಿಸುವ ಉದ್ದೇಶವಿಲ್ಲ. ಒಂದೇ ಒಂದು ದಿನದ ವೃತ್ತಾಂತವಿದು.

ಹೊರಟವರು ನಾವು ಮೂವರು ನಿವೃತ್ತ ಉಪಾಧ್ಯಾಯರು: ಚರಿತ್ರೆಯ ಮೇಷ್ಟ್ರು, ಗಣಿತದ ಮೇಷ್ಟ್ರು ಮತ್ತು ಕನ್ನಡದ ನಾನು. ನಮ್ಮ ಶಾಲೆಯಲ್ಲಿ ಓದಿದವರಿಗೆ ಇಬ್ಬರ ಹೆಸರನ್ನೂ ಹೇಳಬೇಕಾಗಿಲ್ಲ. ಸಿಬ್ಬಂದಿ ಕೊಠಡಿಯಲ್ಲಿ ನಾವು ಒಬ್ಬರನ್ನೊಬ್ಬರು ವಿಷಯದ ಹೆಸರಿನಿಂದಲೇ ಕರೆಯುತ್ತಿದ್ದೆವು. ನಿವೃತ್ತಿಯ ನಂತರವೂ ಆ ಅಭ್ಯಾಸ ಹೋಗಿಲ್ಲ. ಚರಿತ್ರೆಯವರ ಮಗಳು ಮ್ಯಾಡ್ರಿಡ್‌ನಲ್ಲಿ ಉದ್ಯೋಗದಲ್ಲಿದ್ದಾಳೆ. 2023ರ ಅಕ್ಟೋಬರಿನಲ್ಲಿ ಅವಳ ಮನೆಯಲ್ಲಿ ನಾವು ತಂಗಿದ್ದೆವು. ಕೆಲಸದ ದಿನಗಳಲ್ಲಿ ನಮ್ಮನ್ನು ಸುತ್ತಾಡಿಸಲು ಬಿಡುವಿಲ್ಲದ ಕಾರಣ, ಮಾರ್ಗದರ್ಶಿ ಸಹಿತವಾದ ಒಂದು ದಿನದ ಬಸ್ ಪ್ರವಾಸಕ್ಕೆ ಅವಳೇ ಟಿಕೆಟ್ ಕೊಂಡು, ಮೂವರ ಕುತ್ತಿಗೆಗೂ ಫೋನ್ ನಂಬರು ಬರೆದ ಚೀಟಿಯನ್ನು ಕಟ್ಟಿ ಕಳುಹಿಸಿದಳು. ನಲವತ್ತು ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವರಿಗೆ ಈಗ ಈ ಸ್ಥಿತಿ!

ತೊಲೇದೊ ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ನಮ್ಮ ಭೂಪಟಗಳಲ್ಲಿ ಟೊಲೆಡೊ ಎಂದು ಓದುತ್ತಿದ್ದ ಊರು ಇದೇ. ದಾರಿಯುದ್ದಕ್ಕೂ ಒಣಗಿದ ಹುಲ್ಲಿನ ಬಯಲು. ಚಿತ್ರದುರ್ಗದ ಕಡೆಗೆ ಬೇಸಗೆಯಲ್ಲಿ ಹೋದಂತೆ. ಬಸ್ಸು ಮೊದಲು ನಿಂತದ್ದು ನದಿಯ ಆಚೆ ದಡದ ಎತ್ತರದಲ್ಲಿ. ಅಲ್ಲಿಂದ ಇಡೀ ನಗರ ಒಂದೇ ನೋಟಕ್ಕೆ ಕಾಣುತ್ತದೆ. ಕಲ್ಲಿನ ಗುಡ್ಡ, ಅದನ್ನು ಮೂರು ಕಡೆಗಳಿಂದ ಬಳಸಿ ಆಳದಲ್ಲಿ ಹರಿಯುವ ತಾಹೊ ನದಿ, ಗುಡ್ಡದ ಮೈಮೇಲೆ ಒತ್ತೊತ್ತಾಗಿ ಕಂದು ಬಣ್ಣದ ಮನೆಗಳು, ನಡುವೆ ಕಥೀಡ್ರಲಿನ ಗೋಪುರ, ಪಕ್ಕಕ್ಕೆ ಚೌಕಾಕಾರದ ಕೋಟೆ. ಶ್ರೀರಂಗಪಟ್ಟಣವನ್ನು ಎತ್ತಿ ಬೆಟ್ಟದ ಮೇಲಿಟ್ಟರೆ ಹೀಗಿರಬಹುದು. ವಿಸಿಗಾಥ್ ದೊರೆಗಳ ರಾಜಧಾನಿಯಾಗಿ, 711ರ ನಂತರ ಅರಬ್ಬರ ಕೈಗೆ ಬಂದು, 1085ರಲ್ಲಿ ಆರನೆಯ ಅಲ್ಫಾನ್ಸೊ ದೊರೆಗೆ ಸಂಧಾನದ ಮೂಲಕ ಒಪ್ಪಿಸಲ್ಪಟ್ಟ ನಗರವಿದು. 1561ರಲ್ಲಿ ಎರಡನೆಯ ಫಿಲಿಪ್ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ಸಾಗಿಸಿದ. ಹಾಗೆ ಬಿಟ್ಟುಹೋದದ್ದರಿಂದಲೇ ಊರು ಹಳೆಯ ರೂಪದಲ್ಲಿ ಉಳಿಯಿತು ಎಂದು ಚರಿತ್ರೆಯವರ ಅಭಿಪ್ರಾಯ.

ನಮ್ಮ ಮಾರ್ಗದರ್ಶಿ ಐವತ್ತರ ಆಸುಪಾಸಿನ ಮಹಿಳೆ. ಕೆಂಪು ಕೊಡೆಯೊಂದನ್ನು ಎತ್ತಿ ಹಿಡಿದು, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಮಾತನಾಡುತ್ತ, ಹಿಂದೆ ಬಿದ್ದವರನ್ನು ಕಣ್ಣಿನಲ್ಲಿಯೇ ಗದರಿಸುತ್ತಿದ್ದರು. ಒಳ್ಳೆಯ ಉಪಾಧ್ಯಾಯಿನಿಯ ಲಕ್ಷಣ. ಊರಿನ ಮುಖ್ಯ ಚೌಕದ ಹೆಸರು ಸೊಕೊದೊವೆರ್. ಅರಬ್ಬಿಯಲ್ಲಿ ಜಾನುವಾರುಗಳ ಸಂತೆ ಎಂಬರ್ಥದ ಮಾತಿನಿಂದ ಅದು ಬಂದಿದೆಯೆಂದು ಆಕೆ ಹೇಳಿದಾಗ ನಾನು ಮನಸ್ಸಿನಲ್ಲಿಯೇ ದನದ ಸಂತೆಯ ಮೈದಾನ ಎಂದುಕೊಂಡೆ. ಈಗ ಅಲ್ಲಿ ದನಗಳಿಲ್ಲ, ನಮ್ಮಂಥ ಪ್ರವಾಸಿಗಳಿದ್ದಾರೆ.

ಚೌಕದಲ್ಲಿ ನಿಲ್ಲಿಸಿಕೊಂಡು ಆಕೆ ಹೇಳಿದ ಮಾತು ದಿನವಿಡೀ ನಮ್ಮ ಜತೆಗೆ ಬಂದಿತು. ಇದು ಮೂರು ಸಂಸ್ಕೃತಿಗಳ ನಗರ. ಇಲ್ಲಿ ಕ್ರೈಸ್ತರೂ ಮುಸಲ್ಮಾನರೂ ಯೆಹೂದಿಗಳೂ ಶತಮಾನಗಳ ಕಾಲ ಸಾಮರಸ್ಯದಿಂದ ಬಾಳಿದರು ಎಂಬುದು ಆ ಮಾತು. ಅಂಗಡಿಗಳ ಚೀಲಗಳ ಮೇಲೂ ಅದೇ ಮಾತು ಅಚ್ಚಾಗಿದೆ. ಚರಿತ್ರೆಯವರು ನನ್ನ ಕಿವಿಯಲ್ಲಿ, "ಪೀಠಿಕೆ ಚೆನ್ನಾಗಿದೆ, ಪಾಠ ಹೇಗಿರುತ್ತದೋ ನೋಡೋಣ" ಎಂದರು.

ಆ ಮಾತು ಪೂರ್ತಿ ಸುಳ್ಳಲ್ಲ. ಹನ್ನೆರಡನೆಯ ಶತಮಾನದಲ್ಲಿ ಅರಬ್ಬಿ ಗ್ರಂಥಗಳನ್ನು ಲ್ಯಾಟಿನ್ನಿಗೆ ತರುವ ದೊಡ್ಡ ಕಾರ್ಯ ನಡೆದದ್ದು ಇದೇ ಊರಿನಲ್ಲಿ. ಇಟಲಿಯ ಕ್ರೆಮೋನದಿಂದ ಜೆರಾರ್ಡ್ ಎಂಬ ವಿದ್ವಾಂಸ ಟಾಲೆಮಿಯ ಖಗೋಳ ಗ್ರಂಥವನ್ನು ಅರಸಿಕೊಂಡು ಇಲ್ಲಿಗೆ ಬಂದು, 1187ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಎಪ್ಪತ್ತು ಗ್ರಂಥಗಳನ್ನು ಅನುವಾದಿಸಿದ. ಅಲ್ ಖ್ವಾರಿಜ್ಮಿಯ ಬೀಜಗಣಿತವೂ ಅವುಗಳಲ್ಲಿ ಒಂದು. ತನ್ನ ಅನುವಾದಗಳಿಗೆ ಅವನು ಹೆಸರು ಹಾಕಿಕೊಳ್ಳುತ್ತಿರಲಿಲ್ಲವಾದ್ದರಿಂದ, ಅವನು ಕಾಲವಾದ ಮೇಲೆ ಶಿಷ್ಯರು ಕುಳಿತು ಗುರುವಿನ ಕೃತಿಗಳ ಪಟ್ಟಿ ಮಾಡಿಟ್ಟರು. ನನ್ನ ಶಿಷ್ಯರೇ, ಇದನ್ನು ನಿಮಗೆ ಸೂಚನೆಯಾಗಿ ಹೇಳುತ್ತಿಲ್ಲ!

ಅನುವಾದ ನಡೆಯುತ್ತಿದ್ದ ಕ್ರಮ ನನಗೆ ಬಹಳ ಹಿಡಿಸಿತು. ಅವಿಸೆನ್ನಾ ಆತ್ಮವನ್ನು ಕುರಿತು ಬರೆದ ಗ್ರಂಥದ ಲ್ಯಾಟಿನ್ ಅನುವಾದದ ಮುನ್ನುಡಿಯಲ್ಲಿಯೇ ಅದರ ವಿವರವಿದೆ. ಯೆಹೂದಿ ಪಂಡಿತನೊಬ್ಬ ಅರಬ್ಬಿಯನ್ನು ಓದಿ, ಪದ ಪದವಾಗಿ ಊರಿನ ಆಡುನುಡಿಯಲ್ಲಿ ಹೇಳುತ್ತಾನೆ; ಎದುರಿಗೆ ಕುಳಿತ ಡೊಮಿನಿಕಸ್ ಗುಂಡಿಸಾಲಿನಸ್ ಎಂಬ ಪಾದ್ರಿ ಅದನ್ನು ಲ್ಯಾಟಿನ್ನಿಗೆ ತಿರುಗಿಸುತ್ತಾನೆ. ಒಂದು ಬಗೆಯ ಉಕ್ತಲೇಖನ. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತರಷ್ಟೇ ನಡೆಯುವ ಕೆಲಸ. ನಡುವಿನ ಸೇತುವೆ ಅರಬ್ಬಿಯೂ ಅಲ್ಲ, ಲ್ಯಾಟಿನ್ನೂ ಅಲ್ಲ, ಬೀದಿಯ ಮಾತು. ಭಾಷೆ ಕಲಿಸಿ ಬದುಕಿದ ನನಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಏನು ಬೇಕು?

ನಮ್ಮ ನಂಟೂ ಈ ಊರಿನೊಡನೆ ಇದೆ. ಅರಬ್ಬರ ಕಾಲದಲ್ಲಿ ಇಲ್ಲಿ ಖಾಜಿಯಾಗಿದ್ದ ಸಾಯಿದ್ ಅಲ್ ಅಂದಲುಸಿ ಎಂಬಾತ 1068ರ ಸುಮಾರಿಗೆ ರಾಷ್ಟ್ರಗಳ ವರ್ಗೀಕರಣ ಎಂಬರ್ಥದ ಪುಸ್ತಕವೊಂದನ್ನು ಬರೆದ. ವಿದ್ಯೆಗಳನ್ನು ಬೆಳೆಸಿದ ಜನಾಂಗಗಳಲ್ಲಿ ಭಾರತೀಯರಿಗೆ ಅವನು ಕೊಟ್ಟದ್ದು ಮೊದಲ ಸ್ಥಾನ. ನಮ್ಮ ಅಂಕಿಗಳನ್ನೂ ಚದುರಂಗವನ್ನೂ ಪಂಚತಂತ್ರದ ಅರಬ್ಬಿ ರೂಪವಾದ ಕಲೀಲಾ ಮತ್ತು ದಿಮ್ನಾ ಎಂಬ ಗ್ರಂಥವನ್ನೂ ಅವನು ಹೆಸರಿಸಿ ಹೊಗಳಿದ್ದಾನೆ. ನಮ್ಮ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರವನ್ನು ಬರೆದದ್ದು 1031ರ ಸುಮಾರಿನಲ್ಲಿ. ಸಾಯಿದ್ ಹುಟ್ಟಿದ್ದು 1029ರಲ್ಲಿ. ತೊಲೇದೊದಲ್ಲಿಯೇ ಜನಿಸಿ ಮುಂದೆ ಹತ್ತನೆಯ ಅಲ್ಫಾನ್ಸೊ ಎಂದು ಹೆಸರಾದ ರಾಜಕುಮಾರ ಅದೇ ಅರಬ್ಬಿ ಗ್ರಂಥವನ್ನು 1251ರಲ್ಲಿ ಕ್ಯಾಸ್ಟೀಲಿಯನ್ ಭಾಷೆಗೆ ಮಾಡಿಸಿದ. ನಮ್ಮ ಕರಟಕ ದಮನಕರೆಂಬ ನರಿಗಳು ಎಷ್ಟು ಮೈಲಿ ನಡೆದವು ನೋಡಿ!

ಕಥೀಡ್ರಲಿನ ಮುಂದಿನ ಸಾಲಿನಲ್ಲಿ ನಿಂತಿದ್ದಾಗ ಇದನ್ನೆಲ್ಲ ಹೇಳಿ ನಾನು ಗಣಿತದವರ ಮುಖ ನೋಡಿದೆ. ಅವರು ಹಿಗ್ಗಬೇಕಿತ್ತು. "ಅದೇ ಖಾಜಿ ಉತ್ತರದ ಶೀತ ದೇಶದವರ ಬಗ್ಗೆ ಏನು ಬರೆದಿದ್ದಾನೆ, ಅದನ್ನೂ ಹೇಳಿ" ಎಂದರು. ಸೂರ್ಯ ದೂರವಾದ್ದರಿಂದ ಅವರ ಬುದ್ಧಿ ಮಂದವೆಂದೂ ವಿದ್ಯೆ ಅವರಿಗೆ ಹತ್ತದೆಂದೂ ಬರೆದಿದ್ದಾನೆ. ಹೌದು. "ಹುಟ್ಟಿದ ಜಾಗದ ಮೇಲೆ ಬುದ್ಧಿಯನ್ನು ಅಳೆಯುವವನು ನನಗೆ ಮೊದಲ ರ್‍ಯಾಂಕು ಕೊಟ್ಟರೂ ನಾನು ಆ ಅಂಕಪಟ್ಟಿಯನ್ನು ಇಟ್ಟುಕೊಳ್ಳುವುದಿಲ್ಲ" ಎಂದು ಹೇಳಿ ಅವರು ಮುಂದಕ್ಕೆ ನಡೆದರು. ನಾನು ಅದನ್ನು ಅವರ ಎಂದಿನ ತಮಾಷೆಯೆಂದೇ ತೆಗೆದುಕೊಂಡೆ.

ಕಥೀಡ್ರಲಿನ ವೈಭವವನ್ನು ವರ್ಣಿಸಲು ಹೋಗುವುದಿಲ್ಲ. ಹಿಂದಿನ ದೊಡ್ಡ ಮಸೀದಿ ಇದ್ದ ಜಾಗದಲ್ಲಿ 1226ರಲ್ಲಿ ಕಟ್ಟಲು ಆರಂಭಿಸಿ 1493ರವರೆಗೆ ಕಟ್ಟಿದ್ದಾರೆ. ಮಸೀದಿಯನ್ನು ಮುಸಲ್ಮಾನರಿಗೇ ಉಳಿಸುವುದಾಗಿ ಅಲ್ಫಾನ್ಸೊ ಮಾತು ಕೊಟ್ಟಿದ್ದನೆಂದೂ, ಅವನಿಲ್ಲದ ವೇಳೆಯಲ್ಲಿ ರಾಣಿಯೂ ಆರ್ಚ್‌ಬಿಷಪ್ಪನೂ ಸೇರಿ ಅದನ್ನು ವಶಪಡಿಸಿಕೊಂಡರೆಂದೂ, ಕೆರಳಿ ಬಂದ ದೊರೆಯನ್ನು ಮುಸಲ್ಮಾನ ಪಂಡಿತನೊಬ್ಬನೇ ಸಮಾಧಾನಪಡಿಸಿದನೆಂದೂ ಐತಿಹ್ಯ. ಆ ಪಂಡಿತನ ಪ್ರತಿಮೆ ಗರ್ಭಗುಡಿಯಂಥ ಮುಖ್ಯ ಸ್ಥಾನದ ಬಳಿಯಲ್ಲಿಯೇ ಇದೆ. ಕಳೆದುಕೊಂಡವನಿಗೆ ಪಡೆದವನ ಮನೆಯಲ್ಲಿ ಒಂದು ಪ್ರತಿಮೆ! ಇದನ್ನು ಸಾಮರಸ್ಯವೆನ್ನಬೇಕೋ ಬೇರೇನೆನ್ನಬೇಕೋ ಎಂದು ಚರಿತ್ರೆಯವರು ಗೊಣಗಿದರು.

ಅಲ್ಲಿಂದ ಸಾಂತೊ ತೊಮೆ ಚರ್ಚಿಗೆ ಹೋಗಿ ಎಲ್ ಗ್ರೆಕೊ 1586ರಿಂದ 1588ರವರೆಗೆ ರಚಿಸಿದ ಪ್ರಸಿದ್ಧ ಚಿತ್ರವನ್ನು ನೋಡಿದೆವು. 1323ರಲ್ಲಿ ತೀರಿಕೊಂಡ ಓರ್ಗಾಸ್‌ನ ಸರದಾರನ ಶವಸಂಸ್ಕಾರದಲ್ಲಿ ಚಿತ್ರಕಾರ ತನ್ನ ಕಾಲದ ಊರ ಗಣ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾನೆ. ಮುಂಭಾಗದಲ್ಲಿ ಅವನ ಪುಟ್ಟ ಮಗ. ಹುಡುಗನ ಜೇಬಿನ ಕರವಸ್ತ್ರದ ಮೇಲೆ ಹುಟ್ಟಿದ ವರ್ಷ 1578. ಗುಂಪು ಫೋಟೋಕ್ಕೆ ಹೆಡ್‌ಮಾಸ್ಟರರ ಮಗನನ್ನು ಮುಂದೆ ಕೂರಿಸಿದ ಹಾಗೆ ಎಂದು ನಾವು ನಕ್ಕೆವು. ಹೊರಬಂದರೆ ಅಂಗಡಿಯೊಂದರಲ್ಲಿ ಕಪ್ಪು ಉಕ್ಕಿನ ಮೇಲೆ ಚಿನ್ನದ ಎಳೆಗಳನ್ನು ಬಡಿದು ಕೂರಿಸುತ್ತಿದ್ದ ಕುಶಲಕರ್ಮಿ. ಬೀದರಿನ ಬಿದರಿ ಕೆಲಸವನ್ನು ಬಲ್ಲವರಿಗೆ ಅದು ಪರಕೀಯವೆನಿಸದು. ಅಲ್ಲಿ ಬೆಳ್ಳಿ, ಕೋಟೆಯ ಮಣ್ಣಿನಿಂದ ಬಂದ ಕಪ್ಪು, ಇಲ್ಲಿ ಚಿನ್ನ. ಊಟಕ್ಕೆ ಸಸ್ಯಾಹಾರಿಗಳಾದ ನಮಗೆ ದೊರೆತದ್ದು ಪಿಸ್ತೊ ಎಂಬ ತರಕಾರಿಯ ಪದಾರ್ಥ, ನಮ್ಮ ಗೊಜ್ಜಿನ ದೂರದ ನೆಂಟ. ಹುಳಿ ಕಡಿಮೆ, ಖಾರ ಇಲ್ಲವೇ ಇಲ್ಲ.

ಮಧ್ಯಾಹ್ನ ಯೆಹೂದಿಗಳ ಕೇರಿಗೆ ಬಂದೆವು. ನೆಲಗಲ್ಲುಗಳ ನಡುವೆ ಅಲ್ಲಲ್ಲಿ ಹೀಬ್ರೂ ಅಕ್ಷರಗಳ ಪುಟ್ಟ ಬಿಲ್ಲೆಗಳನ್ನು ಕೂರಿಸಿದ್ದಾರೆ. ಹತ್ತು ಹಿಂದೂ ದೇವಾಲಯಗಳಿಗೆ ಸಾಕಾಗುವಷ್ಟು ಸೂಕ್ಷ್ಮ ಕುಸುರಿ ಎಲ್ ತ್ರಾನ್ಸಿತೊ ಸಿನಗಾಗಿನ ಒಂದೇ ಗೋಡೆಯಲ್ಲಿದೆ. ದೊರೆ ಪೆದ್ರೊನ ಖಜಾಂಚಿಯಾಗಿದ್ದ ಸಾಮುವೆಲ್ ಹಲೇವಿ 1357ರ ಸುಮಾರಿಗೆ ಕಟ್ಟಿಸಿದ್ದು. ಗೋಡೆಗಳಲ್ಲಿ ಹೀಬ್ರೂ ಬರಹದ ಜತೆಗೆ ಅರಬ್ಬಿ ಬರಹವೂ ಇದೆ. ಕಟ್ಟಿಸಿದವನನ್ನು ಕೆಲವೇ ವರ್ಷಗಳಲ್ಲಿ ಅದೇ ದೊರೆ ಬಂಧಿಸಿ ಹಿಂಸಿಸಿ ಸಾಯಿಸಿದ. 1492ರಲ್ಲಿ ಯೆಹೂದಿಗಳನ್ನು ದೇಶದಿಂದಲೇ ಹೊರಹಾಕಿದ ನಂತರ ಕಟ್ಟಡ ಚರ್ಚಾಯಿತು. ಈಗ ಸ್ಪೇನಿನ ಯೆಹೂದಿಗಳ ಸ್ಮರಣೆಯ ವಸ್ತುಸಂಗ್ರಹಾಲಯವಾಗಿದೆ.

ಚರಿತ್ರೆಯವರು ಪಾಠಕ್ಕೆ ಮೊದಲು ತಯಾರಿ ಮಾಡದೆ ತರಗತಿಗೆ ಹೋದವರಲ್ಲ. ಪ್ರವಾಸಕ್ಕೂ ಹಾಗೆಯೇ ಓದಿಕೊಂಡು ಬಂದಿದ್ದರು. ಹೊರಗೆ ಬಂದಾಗ ಮಾರ್ಗದರ್ಶಿಯನ್ನು ವಿನಯದಿಂದಲೇ ಕೇಳಿದರು: "1449ರ ವಿಷಯವನ್ನು ತಾವು ಹೇಳಲಿಲ್ಲವಲ್ಲ?"

ಆಕೆ ಕೊಡೆಯನ್ನು ಕೆಳಗಿಳಿಸಿದರು. "ಕೇಳುವವರು ಅಪರೂಪ" ಎಂದರು. ಉಳಿದವರಿಗೆ ಅರ್ಧ ಗಂಟೆ ಬಿಡುವು ಕೊಟ್ಟು, ಎದುರಿಗಿದ್ದ ಪುಟ್ಟ ಉದ್ಯಾನದಲ್ಲಿ ನಮ್ಮ ಜತೆ ಕುಳಿತು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು.

1391ರಲ್ಲಿ ಸ್ಪೇನಿನ ಹಲವು ನಗರಗಳಂತೆ ಇಲ್ಲಿಯೂ ಯೆಹೂದಿ ಕೇರಿಯ ಮೇಲೆ ದಾಳಿ ನಡೆಯಿತು. ಪ್ರಾಣಭಯದಿಂದ ಅನೇಕರು ಮತಾಂತರಗೊಂಡರು. ಒಂದೆರಡು ತಲೆಮಾರು ಕಳೆಯಿತು. ಅವರ ಮಕ್ಕಳು ಮೊಮ್ಮಕ್ಕಳು ಕ್ರೈಸ್ತರಾಗಿಯೇ ಹುಟ್ಟಿ ಬೆಳೆದು ವ್ಯಾಪಾರದಲ್ಲಿಯೂ ಅಧಿಕಾರದಲ್ಲಿಯೂ ಮುಂದೆ ಬಂದರು. 1449ರಲ್ಲಿ ದೊರೆಯ ಕಡೆಯವರು ಊರಿನ ಮೇಲೆ ಹತ್ತು ಲಕ್ಷ ನಾಣ್ಯಗಳ ಹೊರೆಯನ್ನು ಹೊರಿಸಿದಾಗ ಜನರ ಸಿಟ್ಟು ಈ ಹೊಸ ಕ್ರೈಸ್ತರ ಮೇಲೆ ತಿರುಗಿತು. ಗಲಭೆಯ ನಾಯಕನಾದ ಪೆದ್ರೊ ಸಾರ್ಮಿಯೆಂತೊ ಒಂದು ಶಾಸನ ಹೊರಡಿಸಿದ: ಯೆಹೂದಿ ಮೂಲದ ಮತಾಂತರಿತರೂ ಅವರ ಸಂತತಿಯವರೂ ಊರಿನ ಯಾವ ಅಧಿಕಾರಸ್ಥಾನಕ್ಕೂ ಅರ್ಹರಲ್ಲ. ಆಚರಣೆಯಲ್ಲ, ನಂಬಿಕೆಯಲ್ಲ, ರಕ್ತ. ಅದೇ ವರ್ಷ ಪೋಪ್ ಐದನೆಯ ನಿಕೋಲಸ್ ಇದನ್ನು ಖಂಡಿಸಿದ. ಖಂಡನೆಯ ಫಲವೇನು? ಸುಮಾರು ನೂರು ವರ್ಷಗಳ ನಂತರ, 1547ರಲ್ಲಿ, ಆರ್ಚ್‌ಬಿಷಪ್ ಸಿಲಿಸೆಯೊ ಅಂಥದೇ ನಿಯಮವನ್ನು ನಾವು ಬೆಳಿಗ್ಗೆ ನೋಡಿದ ಕಥೀಡ್ರಲಿನಲ್ಲಿಯೇ ಜಾರಿಗೆ ತಂದ. ಮತವಿಚಾರಣೆಯ ನ್ಯಾಯಾಲಯ ಶಿಕ್ಷಿಸಿದವರಿಗೆ ತೊಡಿಸುತ್ತಿದ್ದ ಅವಮಾನದ ನಿಲುವಂಗಿಗಳನ್ನು ಆಮೇಲೆ ಹೆಸರು ಸಮೇತ ಚರ್ಚುಗಳಲ್ಲಿ ತೂಗುಹಾಕುತ್ತಿದ್ದರು, ಮನೆತನದ ಕಳಂಕ ಮೊಮ್ಮಕ್ಕಳಿಗೂ ನೆನಪಿರಲೆಂದು. ಸಂತ ತೆರೇಸಾಳ ಅಜ್ಜನೂ 1485ರಲ್ಲಿ ಇದೇ ತೊಲೇದೊದ ಬೀದಿಗಳಲ್ಲಿ ಆ ಶಿಕ್ಷೆಯನ್ನು ಅನುಭವಿಸಿದವನು. ಆ ಕುಟುಂಬ ಬಳಿಕ ಆವಿಲಾ ನಗರಕ್ಕೆ ಹೋಗಿ ನೆಲೆಸಿತು.

"ದಿನಕ್ಕೆ ನಾಲ್ಕು ಗಂಟೆ ಕೊಡುತ್ತಾರೆ. ಜನ ರಜೆಯಲ್ಲಿ ಬಂದಿರುತ್ತಾರೆ" ಎಂದು ಆಕೆ ಹೇಳಿ, ಉಳಿದವರನ್ನು ಹುಡುಕಲು ಎದ್ದು ಹೋದರು.

ನಾವು ಮೂವರೇ ಉಳಿದೆವು. ಕೆಳಗೆ ನದಿ. ಗಣಿತದವರು ತಮ್ಮ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು ನದಿಯನ್ನೇ ನೋಡುತ್ತ ಮಾತನಾಡತೊಡಗಿದರು. ಅವರ ಗೆಳೆತನ ನನಗೆ ಮೂವತ್ತೈದು ವರ್ಷಗಳದು. ಈ ಮಾತನ್ನು ಅವರು ಅದುವರೆಗೆ ಯಾರೆದುರಿಗೂ ಆಡಿರಲಿಲ್ಲ.

ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು, ಅವರಿಗೆ ನೀವು ಇಟ್ಟಿದ್ದ ಹೆಸರು ಸೈಕಲ್ ಮೇಷ್ಟ್ರು. ಪ್ರತಿದಿನ 14 ಕಿಲೋಮೀಟರ್ ಸೈಕಲ್ ತುಳಿದು ಬಂದು, ಪ್ರಾರ್ಥನೆಗೆ ಮೊದಲು ಕೈಕಾಲು ತೊಳೆದು, ಒಂದು ದಿನವೂ ತಡವಾಗದ ಮೇಷ್ಟ್ರು. ನಾನು ಆ ಶಾಲೆಗೆ ವರ್ಗವಾಗಿ ಬರುವ ಹೊತ್ತಿಗೆ ಆ ಸೈಕಲ್ಲಿನ ಕಥೆ ಪುರಾಣದ ಹಾಗೆ ಹಬ್ಬಿತ್ತು. ವ್ಯಾಯಾಮಕ್ಕೆಂದು ತುಳಿಯುತ್ತಾರೆ, ಹಣ ಉಳಿಸಲು ತುಳಿಯುತ್ತಾರೆ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಅವರು ನಗುತ್ತ ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದರು.

ಕಾರಣ ಹೀಗಿತ್ತು. ಹೊಸದಾಗಿ ನೇಮಕವಾದಾಗ ಊರಿನಲ್ಲಿ ಒಂದು ಬಾಡಿಗೆ ಮನೆಯನ್ನು ಗೊತ್ತುಮಾಡಿ ಮುಂಗಡವನ್ನೂ ಕೊಟ್ಟಿದ್ದರು. ಮನೆಯ ಯಜಮಾನರು ಕಾಫಿ ತರಿಸಿ, ಊರು ಯಾವುದು ಎಂದರು, ಹೇಳಿದರು. ತಂದೆಯವರ ಹೆಸರೇನು ಎಂದರು, ಹೇಳಿದರು. ಆ ಊರಿನಲ್ಲಿ ಯಾವ ಬೀದಿ ಎಂದರು. ಅದನ್ನೂ ಹೇಳಿದರು. ಮರುದಿನ ಬೆಳಿಗ್ಗೆ ಒಬ್ಬ ಹುಡುಗ ಮುಂಗಡದ ಹಣವನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಮನೆಯನ್ನು ನೆಂಟರೊಬ್ಬರಿಗೆ ಮೊದಲೇ ಮಾತು ಕೊಟ್ಟಿದ್ದರಂತೆ. ಎರಡನೆಯ ಮನೆಯಲ್ಲಿ ಮೂರನೆಯ ಪ್ರಶ್ನೆಯವರೆಗೆ ಹೋಗಬೇಕಾಗಲಿಲ್ಲ. ಮೂರನೆಯ ಮನೆಯನ್ನು ಅವರು ಕೇಳಲೇ ಇಲ್ಲ. ತಮ್ಮ ಹಳ್ಳಿಯಿಂದಲೇ ಓಡಾಡಿದರು, ಹನ್ನೊಂದು ವರ್ಷ.

"ಆ ಯಜಮಾನರ ಮಗ ನನ್ನ ತರಗತಿಯಲ್ಲಿಯೇ ಇದ್ದ. ಬೀಜಗಣಿತದಲ್ಲಿ ಬಹಳ ಚುರುಕು" ಎಂದರು.

ಚರಿತ್ರೆಯವರು, "ಮೇಷ್ಟ್ರೇ, ಹೇಳಬಾರದಿತ್ತೇ?" ಎಂದರು.

"ಹೇಳಿದ್ದರೆ ನೀವು ಜಗಳಕ್ಕೆ ಹೋಗುತ್ತಿದ್ದಿರಿ. ನನಗೆ ಪಾಠ ಮಾಡಬೇಕಿತ್ತು."

ಕೆಂಪು ಕೊಡೆ ಮತ್ತೆ ಕಾಣಿಸಿತು. ಎದ್ದೆವು. ಸಾಂತಾ ಮರಿಯಾ ಲಾ ಬ್ಲಾಂಕಾ ಎಂಬ ಹೆಸರಿನ ಹಳೆಯ ಸಿನಗಾಗಿಗೆ ಹೋದೆವು. ಎಂಟು ಮುಖಗಳ ಬಿಳಿಯ ಕಂಬಗಳು, ಕುದುರೆಲಾಳದ ಆಕಾರದ ಕಮಾನುಗಳ ಸಾಲುಗಳು. ಪ್ರಾರ್ಥಿಸಿದವರು ಯೆಹೂದಿಗಳು, ಶೈಲಿ ಮುಸಲ್ಮಾನರದು, ಆಳುತ್ತಿದ್ದವರು ಕ್ರೈಸ್ತರು, ಹೆಸರು ಮೇರಿಮಾತೆಯದು. ಹದಿನೈದನೆಯ ಶತಮಾನದ ಆರಂಭದಲ್ಲಿ ಅದನ್ನು ಚರ್ಚಾಗಿ ಮಾಡಿದರು. ಮೂರು ಸಂಸ್ಕೃತಿಗಳ ಮಾತು ಎಲ್ಲಿಯಾದರೂ ನಿಜವಾಗಿದ್ದರೆ ಅದು ಈ ಕಂಬಗಳಲ್ಲಿ. ಅದು ಹೇಗೆ ಮುಗಿಯಿತೆಂಬುದೂ ಇದೇ ಕಂಬಗಳಲ್ಲಿ. ಕಟ್ಟುವಾಗ ಒಬ್ಬರಿಗೊಬ್ಬರು ಬೇಕಾಗಿದ್ದರು. ಮೇಜಿನ ಎದುರು ಬದಿಯಲ್ಲಿ ಕುಳಿತು ಓದಿ ಹೇಳಲು ಬೇಕಾಗಿದ್ದರು. ಬೇಕಾದುದೆಲ್ಲವೂ ಲ್ಯಾಟಿನ್ನಿಗೆ ಬಂದ ಮೇಲೆ ಏನಾಯಿತೆಂದು ಕೇಳಬೇಕೆನಿಸಿತು. ಇದು ಚರಿತ್ರಕಾರರ ತೀರ್ಮಾನವಲ್ಲ, ಕನ್ನಡ ಮೇಷ್ಟ್ರ ಗುಮಾನಿ. ಚರಿತ್ರೆಯವರು ಒಪ್ಪಲಿಲ್ಲ, ಕಾರಣಗಳು ಇಷ್ಟು ಸರಳವಲ್ಲ ಎಂದರು. ಗಣಿತದವರು ಮಾತ್ರ ಕಂಬಗಳನ್ನು ಎಣಿಸುತ್ತ ಕೊನೆಯವರೆಗೆ ಹೋಗಿ, ಮತ್ತೊಮ್ಮೆ ಎಣಿಸುತ್ತ ಹಿಂದಿರುಗಿದರು.

ಪಕ್ಕದಲ್ಲಿಯೇ ಇಸಬೆಲ್ಲಾ ಮತ್ತು ಫರ್ಡಿನೆಂಡರು ಕಟ್ಟಿಸಿದ ಸನ್ಯಾಸಿಮಠ. ಅದರ ಹೊರಗೋಡೆಯ ಮೇಲೆ ಕಬ್ಬಿಣದ ಸಂಕೋಲೆಗಳು ಸಾಲಾಗಿ ತೂಗುತ್ತಿವೆ. ಗ್ರಾನಡಾದ ಮುಸಲ್ಮಾನ ರಾಜ್ಯದಲ್ಲಿ ಸೆರೆಯಾಗಿದ್ದು ಬಿಡುಗಡೆ ಹೊಂದಿದ ಕ್ರೈಸ್ತರ ಸಂಕೋಲೆಗಳು. ಅವರು ಪಟ್ಟ ಪಾಡೂ ಸುಳ್ಳಲ್ಲ. ಆದರೆ ತೂಗುಹಾಕುವ ಗೋಡೆ ಯಾರ ಕೈಯಲ್ಲಿದೆಯೋ ಅವರ ಸಂಕೋಲೆ ಮಾತ್ರ ಕಾಣುತ್ತದೆ ಎಂದು ಚರಿತ್ರೆಯವರು ಹೇಳಿದ್ದನ್ನು ನಾನು ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಂಡೆ.

ಸಾನ್ ಮಾರ್ತಿನ್ ಸೇತುವೆಯನ್ನು ದಾಟಿ ಬಸ್ಸು ಹತ್ತಿದೆವು. ಬಾದಾಮಿಯನ್ನೂ ಸಕ್ಕರೆಯನ್ನೂ ಅರೆದು ಮಾಡುವ ಮಾಸಪಾನ್ ಎಂಬ ಸಿಹಿಯ ಪೊಟ್ಟಣವನ್ನು ಚರಿತ್ರೆಯವರು ತಂದಿದ್ದರು. ತೊಲೇದೊದ ಸನ್ಯಾಸಿನಿಯರ ಮಠಗಳಲ್ಲಿಯೂ ಇದನ್ನು ಮಾಡುತ್ತಾರೆ. ಸಕ್ಕರೆಗೆ ಅವರ ಮಾತು ಅಸೂಕರ್. ನಮ್ಮ ಶರ್ಕರವೇ ಅರಬ್ಬರ ಬಾಯಿಯಿಂದ ಅಲ್ಲಿಗೆ ಹೋದದ್ದು. ಪೊಟ್ಟಣ ಕೈಯಿಂದ ಕೈಗೆ ಹೋಗಿ ಮುಂದಿನ ಸೀಟಿನಲ್ಲಿದ್ದ ಮಾರ್ಗದರ್ಶಿಯವರೆಗೂ ತಲುಪಿತು. ಆಕೆ ಹಿಂದಕ್ಕೆ ತಿರುಗಿ, ಗಣಿತದವರನ್ನು, ತಾವು ಏನನ್ನು ಕಲಿಸುತ್ತಿದ್ದಿರಿ ಎಂದು ಕೇಳಿದರು. ಅವರು ತಮ್ಮ ಟಿಕೆಟ್ಟಿನ ಮೇಲಿದ್ದ ಅಂಕಿಗಳನ್ನು ಬೆರಳಿನಿಂದ ತೋರಿಸಿದರು.

ಊರಿಗೆ ಬಂದ ಮೇಲೆ ಇದನ್ನು ಬರೆಯಲೇ ಎಂದು ಅವರ ಒಪ್ಪಿಗೆ ಕೇಳಲು ಅವರ ಮನೆಗೆ ಹೋದೆ. ಬರೆದದ್ದನ್ನು ಎರಡು ಸಲ ಓದಿದರು. ಖಾಜಿಯ ವಿಷಯದಲ್ಲಿ ಒಂದು ವಾಕ್ಯವನ್ನು ಹೊಡೆದುಹಾಕಿಸಿದರು. ಸೈಕಲ್ಲಿನ ವಿಷಯದಲ್ಲಿ ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಯಜಮಾನರ ಹೆಸರು ಬೇಡ, ಆ ಹುಡುಗ ಇದನ್ನು ಓದುತ್ತಾನೆ ಎಂದರು. ಬಾಗಿಲವರೆಗೆ ಬಂದು ಕಳುಹಿಸಿಕೊಡುವಾಗ ಮತ್ತೆ ಕರೆದರು.

"ಬಾಡಿಗೆ ಎಷ್ಟೆಂದು ನೀವು ಬರೆದಿಲ್ಲ. ತಿಂಗಳಿಗೆ 45 ರೂಪಾಯಿ. ಅದನ್ನು ಸೇರಿಸಿ."